ಅರೆತಲೆನೋವು: ಔಷಧಿ ಅಂಗಡಿಯ ಕೌಂಟರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನ ಸಣ್ಣ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನಿಗೆ ತಲೆನೋವಿನ ಪ್ರಶ್ನೆ ಬಾರದ ದಿನವಿಲ್ಲ. ಚೀಟಿ ಹಿಡಿದು ಬಂದವರು, ಚೀಟಿ ಇಲ್ಲದೆ ಬಂದವರು, ಫೋನ್ ಮಾಡುವವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತವರು, ಎಲ್ಲರೂ ಸುತ್ತಿ ಸುತ್ತಿ ಕೇಳುವುದು ಇವನ್ನೇ. ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಾನು ವೈದ್ಯನಲ್ಲ, ಔಷಧ ಕೊಡುವವನು. ಕಾಯಿಲೆ ಯಾವುದೆಂದು ಹೇಳುವ ಅಧಿಕಾರ ವೈದ್ಯರದ್ದು. ನೋವಿನ ಮಾತ್ರೆಯ ವಿಷಯ ಬಂದಾಗ ನನ್ನ ದನಿ ಸ್ವಲ್ಪ ಏರಿದರೆ, ಅದನ್ನು ಮಾರುವ ಜಾಗದಲ್ಲಿ ನಿಂತು ನೋಡಿದ್ದೇ ಕಾರಣ.

## ಮೊದಲಿಗೆ ಕೇಳುವಂಥವು

ತಲೆನೋವು ಯಾರಿಗೆ ಬರುವುದಿಲ್ಲ? ನನ್ನದು ಮೈಗ್ರೇನೇ ಎಂದು ಹೇಗೆ ಗೊತ್ತಾಗಬೇಕು?

ನೋವು ಎಷ್ಟು ಜೋರು ಎನ್ನುವುದಕ್ಕಿಂತ ಅದರ ನಡವಳಿಕೆಯನ್ನು ಗಮನಿಸಿ. ಮೈಗ್ರೇನ್, ಅಂದರೆ ಅರೆತಲೆನೋವು, ಒಮ್ಮೆ ಹಿಡಿದರೆ, ಔಷಧ ಬೀಳದಿದ್ದಲ್ಲಿ, 4ರಿಂದ 72 ಗಂಟೆಗಳವರೆಗೆ ಬಿಡುವುದಿಲ್ಲ. ತಲೆಯ ಒಂದು ಪಕ್ಕದಲ್ಲಿ ನೋವು, ನಾಡಿ ಬಡಿದಂಥ ಮಿಡಿತ, ಕೆಲಸ ಕೆಡಿಸುವಷ್ಟು ತೀವ್ರತೆ, ಮೆಟ್ಟಿಲು ಹತ್ತಿದರೆ ಅಥವಾ ಬಗ್ಗಿದರೆ ಹೆಚ್ಚುವುದು – ಈ ನಾಲ್ಕರಲ್ಲಿ ಎರಡಾದರೂ ಇರಬೇಕು. ಜೊತೆಗೆ ಹೊಟ್ಟೆ ತೊಳಸುವುದು ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಬೇಡವಾಗುವುದು. ಇಂಥ ನೋವು ಐದು ಸಲವಾದರೂ ಬಂದು ಹೋಗಿದ್ದು, ಬೇರೆ ಕಾರಣ ಸಿಗದಿದ್ದರೆ ವೈದ್ಯರು ಮೈಗ್ರೇನ್ ಎನ್ನುತ್ತಾರೆ. ಎರಡೂ ಪಕ್ಕ ನೋಯುವವರೂ ಬಹಳ ಮಂದಿ ಇದ್ದಾರೆ. ‘ಅರೆ’ ಅಲ್ಲ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕಬೇಡಿ.

ಮಾಮೂಲಿ ತಲೆನೋವಿನವರು ತಲೆಗೊಂದು ಬಟ್ಟೆ ಬಿಗಿದು ಕೆಲಸ ಮುಂದುವರಿಸುತ್ತಾರೆ. ಮೈಗ್ರೇನಿನವರು ಕತ್ತಲೆ ಕೋಣೆ ಹುಡುಕುತ್ತಾರೆ. (ನಮ್ಮ ಹಳೆಯ ಮನೆಗಳಲ್ಲಿ ಅದಕ್ಕೇನೂ ಬರವಿಲ್ಲ.) ಅಂಗಡಿಗೆ ಬಂದವರು ಕೌಂಟರಿನ ಮೇಲಿನ ಟ್ಯೂಬ್‌ಲೈಟಿಗೆ ಸೆರಗು ಅಡ್ಡ ಹಿಡಿದು, ಮಾತಾಡಲೂ ಬೇಸರಪಟ್ಟು ಖಾಲಿ ಶೀಟನ್ನು ಮುಂದಕ್ಕೆ ತಳ್ಳಿದರೆ ನನಗೆ ಹೆಚ್ಚೇನೂ ಕೇಳಬೇಕಾಗಿಲ್ಲ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಬೆಂಗಳೂರು ಮತ್ತು ಅದರ ಸುತ್ತಲ ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವರ್ಷವೊಂದರಲ್ಲಿ ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಸ್ಕ್ಯಾನ್ ಮಾಡಿಸಿದೆವು, ಏನೂ ಇಲ್ಲ ಎಂದರು. ಏನೂ ಇಲ್ಲದಿದ್ದರೆ ಈ ನೋವು ಎಲ್ಲಿಂದ ಬರುತ್ತದೆ?

ಮೀಟರ್ ಬೋರ್ಡಿನ ಫೋಟೊ ತೆಗೆದರೆ ವೋಲ್ಟೇಜಿನ ಏರಿಳಿತ ಅದರಲ್ಲಿ ಕಾಣುವುದಿಲ್ಲ. ಸ್ಕ್ಯಾನ್ ತೋರಿಸುವುದು ಮಿದುಳಿನ ರಚನೆಯನ್ನು. ಮೈಗ್ರೇನ್ ಇರುವುದು ಅದರ ಕೆಲಸದಲ್ಲಿ. ಮುಖ ಮತ್ತು ಮಿದುಳಿನ ಹೊದಿಕೆಯ ಸಂವೇದನೆಯನ್ನು ಹೊತ್ತು ತರುವ ಟ್ರೈಜೆಮಿನಲ್ ನರ ಕೆರಳಿ, ಅದರ ತುದಿಗಳಿಂದ ಸಿಜಿಆರ್‌ಪಿ ಎಂಬ ರಾಸಾಯನಿಕ ಸುರಿಯುತ್ತದೆ; ರಕ್ತನಾಳಗಳ ಸುತ್ತ ನೋವಿನ ಸಂಕೇತ ಹುಟ್ಟಿ ಬಲಿಯುತ್ತದೆ. ಇಷ್ಟು ಬೇಗ ಕೆರಳುವ ಸ್ವಭಾವ ಬಹುಮಟ್ಟಿಗೆ ವಂಶದಿಂದ ಬಂದದ್ದು. ನಿಮ್ಮ ತಾಯಿ ‘ತಲೆಶೂಲೆ’ ಎಂದು ಮಲಗುತ್ತಿದ್ದರೇ ಎಂದು ಕೇಳಿ ನೋಡಿ, ಹೆಚ್ಚಿನವರು ಹೌದು ಎನ್ನುತ್ತಾರೆ.

‘ಏನೂ ಇಲ್ಲ’ ಎಂಬ ವರದಿ ಹಿಡಿದು ಬಂದ ಸೊಸೆಯನ್ನು ಮನೆಯವರು ನೋಡುವ ನೋಟ ಬೇರೆಯಾಗುತ್ತದೆ. ಆ ಸ್ಕ್ಯಾನಿಗೆ ಗಡ್ಡೆ, ರಕ್ತಸ್ರಾವ ಇಲ್ಲವೆಂದು ಹೇಳುವ ಶಕ್ತಿ ಇದೆ. ನೋವೇ ಇಲ್ಲವೆಂದು ಹೇಳುವ ಶಕ್ತಿ ಇಲ್ಲ.

ವಾಂತಿಯಾದ ಮೇಲೆ ಕಡಿಮೆಯಾಗುತ್ತದೆ. ಅಂದರೆ ಪಿತ್ತವೇ ತಾನೇ?

ಹಳದಿ ನೀರು ಬಂದದ್ದನ್ನು ಕಣ್ಣಾರೆ ಕಂಡವರಿಗೆ ಪಿತ್ತವಲ್ಲ ಎಂದು ಒಪ್ಪಿಸುವುದು ಕಷ್ಟ. ಖಾಲಿ ಹೊಟ್ಟೆಯಲ್ಲಿ ಮತ್ತೆ ಮತ್ತೆ ವಾಂತಿಯಾದರೆ ಯಾರಿಗಾದರೂ ಪಿತ್ತರಸ ಬರುತ್ತದೆ. ಇಲ್ಲಿ ವಾಂತಿ ತಲೆನೋವಿನ ಕಾರಣವಲ್ಲ, ಅದೇ ಕಾಯಿಲೆಯ ಇನ್ನೊಂದು ಮುಖ. ಕೆಲವರಿಗೆ, ಮುಖ್ಯವಾಗಿ ಮಕ್ಕಳಿಗೆ, ವಾಂತಿ ಮತ್ತು ನಿದ್ದೆಯೊಂದಿಗೆ ನೋವು ಇಳಿಯುವುದು ನಿಜ.

ಈ ಪ್ರಶ್ನೆಯಲ್ಲಿ ಉಪಯೋಗಕ್ಕೆ ಬರುವ ಅಂಶ ಬೇರೊಂದಿದೆ. ಮೈಗ್ರೇನ್ ಏರುತ್ತಿದ್ದಂತೆ ಜಠರದ ಚಲನೆ ನಿಧಾನವಾಗುತ್ತದೆ. ಆಗ ನುಂಗಿದ ಮಾತ್ರೆ ಕರುಳಿಗಿಳಿಯದೆ ಹೊಟ್ಟೆಯಲ್ಲೇ ಕುಳಿತಿರುತ್ತದೆ. ‘ಈ ಮಾತ್ರೆ ನನಗೆ ನಾಟುವುದಿಲ್ಲ’ ಎನ್ನುವ ಅನೇಕರಿಗೆ ಮಾತ್ರೆ ಸೋತದ್ದಲ್ಲ, ಮಾತ್ರೆ ತಡವಾದದ್ದು.

ಮಳೆಗಾಲದಲ್ಲಿ ಮೂಗು ಕಟ್ಟಿ ಹಣೆ ನೋಯುತ್ತದೆ. ಇದು ಸೈನಸ್ ಅಲ್ಲವೇ?

ಇರಬಹುದು, ಆದರೆ ತಮಗೆ ತಾವೇ ಸೈನಸ್ ಎಂದು ಹೆಸರಿಟ್ಟುಕೊಂಡವರನ್ನು ಪರೀಕ್ಷಿಸಿದಾಗ ಹೆಚ್ಚಿನವರಲ್ಲಿ ಕಂಡದ್ದು ಮೈಗ್ರೇನ್. ಟ್ರೈಜೆಮಿನಲ್ ನರ ಕೆರಳಿದಾಗ ಮೂಗು ಕಟ್ಟುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ನಿಜವಾದ ಸೈನಸ್ ಸೋಂಕಿನಲ್ಲಿ ದಪ್ಪ ಹಳದಿ-ಹಸಿರು ಸಿಂಬಳ, ಜ್ವರ, ವಾಸನೆ ತಿಳಿಯದಿರುವುದು ಇರುತ್ತವೆ. ಹೊಟ್ಟೆ ತೊಳಸಿ ಬೆಳಕು ಬೇಡವಾಗುವುದು ಅದರ ಲಕ್ಷಣವಲ್ಲ. ಪ್ರತಿ ಜುಲೈನಲ್ಲೂ ಆ್ಯಂಟಿಬಯೋಟಿಕ್ ನುಂಗುವ ಮೊದಲು ಇದನ್ನು ವೈದ್ಯರ ಬಳಿ ಕೇಳಿ.

ನೋವಿಗೆ ಮೊದಲು ಕಣ್ಣ ಮುಂದೆ ಮಿಂಚಿನ ಗೆರೆ ಓಡುತ್ತದೆ, ಅರ್ಧ ಅಕ್ಷರ ಕಾಣುವುದಿಲ್ಲ. ಕಣ್ಣು ಹೋಗುತ್ತದೆಯೇ?

ಹೋಗುವುದಿಲ್ಲ. ಇದಕ್ಕೆ ಆರಾ ಎನ್ನುತ್ತಾರೆ. ಮಿದುಳಿನ ಹಿಂಭಾಗದಲ್ಲಿ ವಿದ್ಯುತ್ ಚಟುವಟಿಕೆಯ ಅಲೆಯೊಂದು ನಿಧಾನವಾಗಿ ಹರಿಯುವಾಗ ಅಂಕುಡೊಂಕು ಹೊಳೆವ ಗೆರೆ, ಅದರ ನಡುವೆ ಕುರುಡು ಚುಕ್ಕೆ ಕಾಣುತ್ತದೆ. ಕೆಲವರಿಗೆ ಬೆರಳಿನಿಂದ ಶುರುವಾದ ಜೋಮು ಮೊಳಕೈಗೆ, ತುಟಿಗೆ ಏರುತ್ತದೆ; ಮಾತು ತಡವರಿಸುವುದೂ ಉಂಟು. 5ರಿಂದ 60 ನಿಮಿಷದಲ್ಲಿ ಎಲ್ಲವೂ ಸರಿಯಾಗುತ್ತದೆ.

ಆರಾ ನಿಧಾನವಾಗಿ ಹಬ್ಬುತ್ತದೆ, ಪಾರ್ಶ್ವವಾಯು ಥಟ್ಟನೆ ಬೀಳುತ್ತದೆ. ಆದರೂ ಮೊದಲ ಸಲ ಬಂದಾಗ ಈ ಲೆಕ್ಕಾಚಾರವನ್ನು ಮನೆಯಲ್ಲಿ ಕುಳಿತು ಮಾಡಬಾರದು, ಆಸ್ಪತ್ರೆಗೆ ಹೋಗಬೇಕು. ಬೈಕ್ ಓಡಿಸುವಾಗ ಗೆರೆ ಕಾಣಿಸಿಕೊಂಡರೆ, ಅದೂ ಆಗುಂಬೆ ಘಾಟಿಯಂಥ ತಿರುವುಗಳಲ್ಲಿ, ಬದಿಗೆ ನಿಲ್ಲಿಸಿಬಿಡಿ.

## ಏನು ಕೆರಳಿಸುತ್ತದೆ

ತಲೆಗೆ ನೀರು ಹಾಕಿಕೊಂಡ ದಿನವೇ ಯಾಕೆ ಬರುತ್ತದೆ?

ಪಾಶ್ಚಾತ್ಯ ದೇಶಗಳ ಪಟ್ಟಿಗಳಲ್ಲಿ ಕೆಂಪು ವೈನ್, ಚೀಸ್, ಚಾಕೊಲೇಟ್ ಎಂದಿರುತ್ತದೆ. ನಮ್ಮಲ್ಲಿ ಕೌಂಟರಿನ ಮುಂದೆ ಮೊದಲು ಬರುವ ಹೆಸರು ತಲೆಸ್ನಾನದ್ದು, ಮುಖ್ಯವಾಗಿ ಉದ್ದ ಕೂದಲಿನ ಹೆಂಗಸರಿಂದ. ಭಾರತದ ನರರೋಗ ತಜ್ಞರೂ ಇದನ್ನು ಗುರುತಿಸಿ ದಾಖಲಿಸಿದ್ದಾರೆ, ನಿಮ್ಮ ಕಲ್ಪನೆಯಲ್ಲ. ಬಚ್ಚಲ ಹಂಡೆಯ ಕುದಿ ನೀರು, ಹೊಗೆ, ಆಮೇಲೆ ಮಳೆಗಾಲದ ಥಂಡಿಯಲ್ಲಿ ಸಂಜೆಯವರೆಗೂ ಒಣಗದ ತಲೆ. ಸೂಕ್ಷ್ಮ ನರವನ್ನು ಕೆರಳಿಸಲು ಇಷ್ಟು ಸಾಕು.

ಹಬ್ಬದ ದಿನಗಳನ್ನು ನೋಡಿ. ನರಕ ಚತುರ್ದಶಿಯ ಹಿಂದಿನ ರಾತ್ರಿ ನಿದ್ದೆ ಕಡಿಮೆ, ಬೆಳಕು ಹರಿಯುವ ಮೊದಲೇ ಎಣ್ಣೆಸ್ನಾನ, ನೈವೇದ್ಯವಾಗುವವರೆಗೆ ಖಾಲಿ ಹೊಟ್ಟೆ, ಒಲೆಯ ಮುಂದೆ ಹೊಗೆ. ಇವುಗಳಲ್ಲಿ ಒಂದೊಂದನ್ನೇ ತಡೆದುಕೊಳ್ಳುವ ತಲೆ ನಾಲ್ಕೂ ಸೇರಿದಾಗ ಸೋಲುತ್ತದೆ. ತಲೆಸ್ನಾನವನ್ನು ಬಿಡಬೇಕಾಗಿಲ್ಲ, ಉಳಿದ ಮೂರರಿಂದ ಅದನ್ನು ಬೇರ್ಪಡಿಸಬೇಕು. ಹಿಂದಿನ ದಿನ ಮಧ್ಯಾಹ್ನ ಊಟದ ಮೇಲೆ, ಉಗುರು ಬೆಚ್ಚಗಿನ ನೀರಿನಲ್ಲಿ ಬೇಗ ಮುಗಿಸಿ, ದಪ್ಪ ಟವೆಲಿನಲ್ಲಿ ನೀರು ಹೀರಿಸಿ ಕೂದಲು ಒಣಗಿಸಿಕೊಳ್ಳಿ. ತಪ್ಪದೇ ಬರುವವರಿಗೆ ಸ್ನಾನಕ್ಕೆ ಮೊದಲೇ ಒಂದು ಮಾತ್ರೆ ಕೊಡುವ ಪದ್ಧತಿಯೂ ಇದೆ, ವೈದ್ಯರನ್ನು ಕೇಳಿ.

ಇದನ್ನೇ ಹೋಲುವ ಇನ್ನೊಂದು ವಿಷಯವನ್ನು ಮರೆಯಬಾರದು. ಚೊಂಬಿನ ಮೇಲೆ ಚೊಂಬು ಬಿಸಿನೀರು ಸುರಿದುಕೊಳ್ಳುವಾಗ ದಿಟ್ಟಿ ನೆಟ್ಟು ಮಂಕಾಗುವುದು, ಏನೇನೋ ಗೊಣಗುವುದು, ನಿಲ್ಲಿಸಲಾಗದೆ ಸುರಿದುಕೊಳ್ಳುತ್ತಲೇ ಇರುವುದು, ಬೀಳುವುದು ಮೈಗ್ರೇನ್ ಅಲ್ಲ. ಅದು ಬಿಸಿನೀರಿನ ಅಪಸ್ಮಾರ. ಕರ್ನಾಟಕದ ದಕ್ಷಿಣ ಭಾಗದಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ, ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಚಿಕಿತ್ಸೆ ಬೇರೆ, ಸುಲಭವೂ ಹೌದು. ಅಂಥವರು ಬಚ್ಚಲಿನ ಚಿಲಕ ಹಾಕಿಕೊಳ್ಳಬಾರದು.

ಏಕಾದಶಿ, ಸಂಕಷ್ಟಿ ಬಿಡುವಂತಿಲ್ಲ. ಉಪವಾಸ ಮಾಡಿದರೆ ತಲೆ ಬಿಡುವುದಿಲ್ಲ. ಏನು ಮಾಡಲಿ?

ಹಸಿವು ಮೈಗ್ರೇನಿನ ಹಳೆಯ ಗೆಳೆಯ. ಸಂಕಷ್ಟಿಯಂದು ಚಂದ್ರೋದಯಕ್ಕೆ ಕಾದು ಉಣ್ಣುವಾಗ ರಾತ್ರಿ ಒಂಬತ್ತು ಕಳೆದಿರುತ್ತದೆ, ನೋವು ಏಳಕ್ಕೇ ಬಂದು ಕುಳಿತಿರುತ್ತದೆ. ನಿರಾಹಾರವನ್ನು ಫಲಾಹಾರ ಮಾಡಿಕೊಳ್ಳಿ: ಬಾಳೆಹಣ್ಣು, ಹಾಲು, ಮಜ್ಜಿಗೆ, ನೆನೆಸಿದ ಹೆಸರುಬೇಳೆ, ಮೂರು ನಾಲ್ಕು ಗಂಟೆಗೊಮ್ಮೆ. ನೀರನ್ನಂತೂ ಬಿಡಬೇಡಿ. ದಿನಾ ಕಾಫಿ ಕುಡಿಯುವವರು ಅಂದು ಏಕಾಏಕಿ ಬಿಟ್ಟರೆ ಅದೇ ಇನ್ನೊಂದು ಕಾರಣವಾಗುತ್ತದೆ. ರಂಜಾನ್ ಉಪವಾಸದವರಿಗೆ ಹಗಲಲ್ಲಿ ನೀರೂ ಇಲ್ಲದ್ದರಿಂದ ಹೆಚ್ಚು ಕಷ್ಟ. ಬೆಳಗಾಗುವ ಮೊದಲಿನ ಸಹರಿಯ ಊಟವನ್ನು ತಪ್ಪಿಸಬಾರದು, ಕಾಫಿ-ಚಹಾವನ್ನು ತಿಂಗಳಿಗೆ ಮೊದಲೇ ನಿಧಾನವಾಗಿ ಇಳಿಸಿಕೊಳ್ಳಬೇಕು, ಸಹರಿಯ ಹೊತ್ತಿಗೆ ದೀರ್ಘಕಾಲ ಕೆಲಸ ಮಾಡುವ ಮಾತ್ರೆ ಬೇಕೇ ಎಂದು ವೈದ್ಯರೊಂದಿಗೆ ಮಾತಾಡಬೇಕು.

ಕಾಫಿ ಒಳ್ಳೆಯದೋ ಕೆಟ್ಟದ್ದೋ?

ಎರಡೂ. ಕೆಫೀನ್ ನೋವಿನ ಮಾತ್ರೆಯ ಬಲ ಹೆಚ್ಚಿಸುತ್ತದೆ. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಅದನ್ನು ಸೇರಿಸಿಯೇ ಇರುತ್ತಾರೆ. ಆದರೆ ದಿನಾ ನಾಲ್ಕೈದು ಲೋಟ ಕುಡಿಯುವವರು ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆ ಸಿಡಿಯಲು ಶುರು. ಭಾನುವಾರ ತಡವಾಗಿ ಏಳುವವರ ಬೆಳಗಿನ ತಲೆನೋವಿಗೆ ಅರ್ಧ ಕಾರಣ ಇದೇ. ದಿನಕ್ಕೆ ಎರಡು ಸಣ್ಣ ಲೋಟ, ಒಂದೇ ಹೊತ್ತಿಗೆ, ಸಂಜೆಯ ಮೇಲೆ ಬೇಡ.

ಅಡಿಕೆ ಸುಗ್ಗಿ ಬಂದರೆ ವಾರಕ್ಕೆರಡು ಸಲ ಮಲಗುತ್ತೇನೆ. ಕೆಲಸ ಬಿಡಲು ಆಗುತ್ತದೆಯೇ?

ಬಿಡಲು ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದು ಹನ್ನೆರಡರವರೆಗೆ ಬಲ್ಬಿನ ಕೆಳಗೆ ಕತ್ತು ಬಗ್ಗಿಸಿ ಸುಲಿಯುವುದು, ಊಟದ ಹೊತ್ತು ತಪ್ಪುವುದು, ಅಡಿಕೆ ಬೇಯಿಸುವ ಒಲೆಯ ಹೊಗೆ, ಚೊಗರಿನ ವಾಸನೆ, ಮರುದಿನ ಅಂಗಳದ ಬಿಸಿಲಿನಲ್ಲಿ ಹರವುವುದು. ಮೈಗ್ರೇನಿನವರ ಮೂಗು ವಾಸನೆಗೆ ವಿಪರೀತ ಸೂಕ್ಷ್ಮ.

ಸಾಧ್ಯವಿರುವುದು ಕೆಲಸ ಹಂಚಿಕೊಳ್ಳುವುದು. ನಿಮ್ಮ ಪಾಲಿಗೆ ಸುಲಿಯುವುದು ಬರಲಿ, ಬೇಯಿಸುವುದು ಬೇರೆಯವರಿಗೆ ಹೋಗಲಿ. ರಾತ್ರಿ ಎಷ್ಟು ಹೊತ್ತಿಗೆ ಕೆಲಸದಿಂದ ಏಳುತ್ತೇನೆ ಎಂಬುದನ್ನು ಮೊದಲೇ ನಿರ್ಧರಿಸಿ, ಸುಗ್ಗಿಯುದ್ದಕ್ಕೂ ಅದೇ ಹೊತ್ತಿಗೆ ಮಲಗಿ. ಈ ತಲೆಗೆ ಕಡಿಮೆ ನಿದ್ದೆಗಿಂತ ಹೊತ್ತುಗೊತ್ತಿಲ್ಲದ ನಿದ್ದೆ ಹೆಚ್ಚು ತೊಂದರೆ ಕೊಡುತ್ತದೆ. ಹತ್ತು ಗಂಟೆಗೆ ಏನಾದರೂ ತಿನ್ನಿ. ಅಂಗಳಕ್ಕಿಳಿಯುವಾಗ ತಲೆಗೆ ಹಾಳೆಟೊಪ್ಪಿಯೋ ಟೋಪಿಯೋ ಇರಲಿ. ಸುಗ್ಗಿ ಮುಗಿದು ‘ಅಬ್ಬಾ’ ಎಂದು ಮೈ ಚೆಲ್ಲಿದ ಮರುದಿನವೇ ನೋವು ಬರುವುದೂ ಉಂಟು. ಒತ್ತಡ ಇಳಿದಾಗ ಬರುವುದು ಇದರ ಒಂದು ಚಾಳಿ.

ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರರಿಗೆ ಪ್ರತ್ಯೇಕ ಮಾತು. ಮೈಗ್ರೇನಿಗೆ ಕೊಡುವ ಕೆಲವು ಮಾತ್ರೆಗಳು ಮಂಪರು ತರುತ್ತವೆ. ಮರ ಹತ್ತುವ ಕೆಲಸ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ.

ಹಾಗಾದರೆ ರಾತ್ರಿಯಿಡೀ ಯಕ್ಷಗಾನದ ಆಟ ನೋಡಲು ಹೋಗಲೇಬಾರದೇ?

ಹೋಗಿ. ಮಧ್ಯಾಹ್ನ ಎರಡು ಗಂಟೆ ಮಲಗಿ ಎದ್ದು ಹೋಗಿ, ಚಂಡೆಯಿಂದ ಮತ್ತು ಎಲ್‌ಇಡಿ ದೀಪಗಳಿಂದ ದೂರ ಕುಳಿತುಕೊಳ್ಳಿ, ಜೇಬಿನಲ್ಲಿ ಮಾತ್ರೆ ಇರಲಿ. ಕಾಯಿಲೆಗೆ ಹೆದರಿ ಒಂದೊಂದೇ ಸಂತೋಷ ಬಿಟ್ಟವರನ್ನು ಕಂಡಿದ್ದೇನೆ, ಅವರ ತಲೆನೋವು ಅದರಿಂದ ಕಡಿಮೆಯಾದದ್ದನ್ನು ಕಂಡಿಲ್ಲ.

ಯಾವ ಯಾವ ಆಹಾರ ಬಿಡಬೇಕು? ಪಟ್ಟಿ ಕೊಡಿ.

ಪಟ್ಟಿ ಕೊಡುವುದಿಲ್ಲ. ನೋವಿಗೆ ಒಂದು ದಿನ ಮೊದಲೇ ಆಕಳಿಕೆ, ಕತ್ತು ಬಿಗಿತ, ಸಿಡುಕು, ಸಿಹಿ ತಿನ್ನುವ ಆಸೆ ಕಾಣಿಸುವುದುಂಟು. ದಾಳಿ ಆಗಲೇ ಒಳಗೆ ಶುರುವಾಗಿರುತ್ತದೆ. ಆ ಆಸೆಯಿಂದ ಚಾಕೊಲೇಟ್ ತಿಂದು, ಮರುದಿನ ನೋವು ಬಂದಾಗ ಚಾಕೊಲೇಟಿನ ಮೇಲೆ ತಪ್ಪು ಹೊರಿಸುತ್ತೇವೆ. ಒಂದೇ ಪದಾರ್ಥ ಮೂರು ನಾಲ್ಕು ಸಲ ಸ್ಪಷ್ಟವಾಗಿ ಸಿಕ್ಕಿಬಿದ್ದರೆ ಬಿಡಿ. ಮದ್ಯ ಮಾತ್ರ ಬಹಳ ಜನರಲ್ಲಿ ನಿಜವಾದ ಅಪರಾಧಿ.

## ಮಾತ್ರೆಯ ಲೆಕ್ಕ

ನೋವು ಬಂದಾಗ ಯಾವ ಮಾತ್ರೆ, ಯಾವಾಗ?

ಯಾವಾಗ ಎನ್ನುವುದನ್ನು ಮೊದಲು ಹೇಳುತ್ತೇನೆ: ಇದು ಮೈಗ್ರೇನೇ ಎಂದು ಖಚಿತವಾದ ಕೂಡಲೇ, ನೋವು ಇನ್ನೂ ಸಣ್ಣದಿರುವಾಗ. ‘ತಡೆಯುವಷ್ಟು ತಡೆದು ನೋಡೋಣ’ ಎಂದು ಸಂಜೆಯವರೆಗೆ ಕಾದು, ವಾಂತಿ ಶುರುವಾದ ಮೇಲೆ ಅರ್ಧ ಮಾತ್ರೆ ನುಂಗುವುದು ನಮ್ಮ ಕಡೆಯ ಪದ್ಧತಿ. ತಡವೂ ಆಯಿತು, ಪ್ರಮಾಣವೂ ಸಾಲಲಿಲ್ಲ.

ಪ್ಯಾರಸಿಟಮಾಲ್, ಐಬುಪ್ರೊಫೇನ್, ನ್ಯಾಪ್ರಾಕ್ಸೆನ್ ಮೊದಲ ಸಾಲಿನವು; ವೈದ್ಯರು ಹೇಳಿದ ಪೂರ್ಣ ಪ್ರಮಾಣದಲ್ಲಿ. ಹೊಟ್ಟೆ ತೊಳಸುವವರಿಗೆ ಜೊತೆಗೆ ಡೊಂಪೆರಿಡೋನ್‌ನಂಥ ವಾಂತಿ ತಡೆಯುವ ಮಾತ್ರೆ ಇರಬೇಕು, ಇಲ್ಲದಿದ್ದರೆ ನುಂಗಿದ್ದು ಮುಂದೆ ಹೋಗುವುದಿಲ್ಲ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ ಇದ್ದವರು ಐಬುಪ್ರೊಫೇನ್ ಗುಂಪಿನ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ಪಡೆಯಬಾರದು. ಕುಡಿತ ಇದ್ದವರಿಗೆ ಪ್ಯಾರಸಿಟಮಾಲ್‌ನಲ್ಲೂ ಯಕೃತ್ತಿನ ಅಪಾಯವಿದೆ. ಮಾತ್ರೆ ನುಂಗಿ ಕತ್ತಲೆಯಲ್ಲಿ ಮಲಗಿ, ಹಣೆಗೆ ತಣ್ಣೀರಿನ ಬಟ್ಟೆ ಇಟ್ಟುಕೊಳ್ಳಿ.

ಟ್ರಿಪ್ಟಾನ್ ಬರೆದುಕೊಟ್ಟಿದ್ದಾರೆ. ಹೃದಯಕ್ಕೆ ಕೆಟ್ಟದ್ದಂತೆ, ಹೌದೇ?

ಸುಮಾಟ್ರಿಪ್ಟಾನ್, ರಿಝಾಟ್ರಿಪ್ಟಾನ್ ನೋವು ನಿವಾರಕಗಳ ಸಾಲಿಗೆ ಸೇರಿದವಲ್ಲ, ಮೈಗ್ರೇನಿಗೆಂದೇ ಬಂದವು. ಮೊದಲನೆಯದು 1990ರ ದಶಕದ ಆರಂಭದಿಂದ ಬಳಕೆಯಲ್ಲಿದೆ. ರಕ್ತನಾಳಗಳನ್ನು ಸ್ವಲ್ಪ ಕುಗ್ಗಿಸುವುದರಿಂದ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ, ಹತೋಟಿಯಿಲ್ಲದ ಬಿಪಿ ಇದ್ದವರಿಗೆ ಕೊಡುವುದಿಲ್ಲ. ಉಳಿದವರಿಗೆ ಸರಿಯಾಗಿ ಬಳಸಿದರೆ ಸುರಕ್ಷಿತ. ಎದೆ, ಕುತ್ತಿಗೆಯಲ್ಲಿ ಸ್ವಲ್ಪ ಹೊತ್ತು ಬಿಗಿದಂತಾಗುವುದು ಅನೇಕರ ಅನುಭವ. ಹಾಗಾದರೆ ವೈದ್ಯರಿಗೆ ತಿಳಿಸಿ. ಆರಾ ಇರುವವರು ಗೆರೆ ಕಂಡಾಗಲ್ಲ, ನೋವು ಶುರುವಾದಾಗ ನುಂಗಬೇಕು. ಎರ್ಗೊಟಮೈನ್ ಇರುವ ಹಳೆಯ ಮಾತ್ರೆ ತೆಗೆದುಕೊಂಡ 24 ಗಂಟೆಯೊಳಗೆ ಟ್ರಿಪ್ಟಾನ್ ಬೇಡ.

ದಿನಾ ಒಂದು ಮಾತ್ರೆ ನುಂಗಿದರೆ ಕೆಲಸ ಸಾಗುತ್ತದೆ. ಇದರಲ್ಲಿ ತಪ್ಪೇನು?

ಈ ಪುಟ ಬರೆದದ್ದೇ ಈ ಪ್ರಶ್ನೆಗಾಗಿ ಎಂದುಕೊಳ್ಳಿ. ನೋವಿನ ಮಾತ್ರೆಯೇ ತಲೆನೋವು ತರುತ್ತದೆ. ಪ್ಯಾರಸಿಟಮಾಲ್, ಐಬುಪ್ರೊಫೇನ್‌ನಂಥವನ್ನು ತಿಂಗಳಲ್ಲಿ 15 ಅಥವಾ ಹೆಚ್ಚು ದಿನ, ಟ್ರಿಪ್ಟಾನ್, ಎರ್ಗೊಟಮೈನ್, ಕೆಫೀನ್ ಬೆರೆತ ಮಿಶ್ರ ಮಾತ್ರೆ, ಟ್ರಮಡಾಲ್‌ನಂಥವನ್ನು 10 ಅಥವಾ ಹೆಚ್ಚು ದಿನ, ಮೂರು ತಿಂಗಳು ಮೀರಿ ಬಳಸಿದರೆ ಮಿದುಳು ಅದಕ್ಕೆ ಒಗ್ಗಿ, ಮಾತ್ರೆ ಇಳಿದಾಗಲೆಲ್ಲ ನೋವು ಎಬ್ಬಿಸುತ್ತದೆ. ತಿಂಗಳಿಗೆ ಮೂರು ಸಲ ಬರುತ್ತಿದ್ದುದು ದಿನನಿತ್ಯದ ಮಂದ ನೋವಾಗುತ್ತದೆ. ಎಣಿಸಬೇಕಾದದ್ದು ಮಾತ್ರೆಗಳನ್ನಲ್ಲ, ಮಾತ್ರೆ ನುಂಗಿದ ದಿನಗಳನ್ನು.

ಇಂಥವರನ್ನು ಗುರುತಿಸುವುದು ಕಷ್ಟವಲ್ಲ. ಪರ್ಸ್ ತೆರೆದಾಗ ಬಸ್ ಟಿಕೆಟಿನ ಜೊತೆ ಮಡಿಚಿದ ಶೀಟು ಕಾಣುತ್ತದೆ, ಬೆಳ್ಳಿಯ ಹಾಳೆ ಹರಿದು ಎರಡೇ ಗುಳ್ಳೆ ಉಳಿದಿರುತ್ತವೆ. ‘ಅದೇ ಕೊಡಿ, ಎರಡು ಶೀಟು ಇರಲಿ’ ಎನ್ನುತ್ತಾರೆ. ಹೆಸರು ಹೇಳುವುದಿಲ್ಲ, ಬಣ್ಣ ಹೇಳುತ್ತಾರೆ. ‘ತಿಂಗಳಿಗೆ ಎಷ್ಟು ದಿನ?’ ಎಂದರೆ ‘ಹೆಚ್ಚೇನಿಲ್ಲ’ ಎಂಬ ಉತ್ತರ. ವ್ಯಾಪಾರದ ದೃಷ್ಟಿಯಿಂದ ಇವರಿಗಿಂತ ಒಳ್ಳೆಯ ಗಿರಾಕಿ ಇಲ್ಲ, ಆದ್ದರಿಂದಲೇ ಅಂಗಡಿಯವರ ಸಲಹೆಯನ್ನು ಇಲ್ಲಿ ನಂಬಬೇಡಿ, ನನ್ನದನ್ನೂ ಸೇರಿಸಿ. ವೈದ್ಯರ ಬಳಿಗೆ ಹೋಗಿ.

ಬಿಡುವ ದಾರಿ ಇದೆ. ಸರಳ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸುತ್ತಾರೆ, ಟ್ರಮಡಾಲ್‌ನಂಥವನ್ನು ವೈದ್ಯರ ಕಣ್ಗಾವಲಿನಲ್ಲಿ ನಿಧಾನವಾಗಿ ಇಳಿಸುತ್ತಾರೆ. ಮೊದಲ ಒಂದೆರಡು ವಾರ ನೋವು ಇನ್ನೂ ಜೋರಾಗುತ್ತದೆ, ಇದನ್ನು ಮೊದಲೇ ಹೇಳದಿದ್ದರೆ ಎಲ್ಲರೂ ನಾಲ್ಕನೆಯ ದಿನ ಅಂಗಡಿಗೆ ಮರಳುತ್ತಾರೆ. ಎರಡು ತಿಂಗಳು ಕಳೆಯುವ ಹೊತ್ತಿಗೆ ಹೆಚ್ಚಿನವರಿಗೆ ಹಗುರಾಗಿರುತ್ತದೆ. ಸುಗ್ಗಿಯ ಮಧ್ಯೆ, ಮನೆಯಲ್ಲಿ ಮದುವೆ ಇಟ್ಟುಕೊಂಡು ಇದನ್ನು ಆರಂಭಿಸಬೇಡಿ.

ದಿನಾ ತೆಗೆದುಕೊಳ್ಳಲು ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆ ಕೊಟ್ಟಿದ್ದಾರೆ. ನನಗೆ ಅವೆರಡೂ ಇಲ್ಲವಲ್ಲ?

ಚೀಟಿಯನ್ನು ಅಂತರ್ಜಾಲದಲ್ಲಿ ಹುಡುಕಿ ಮಾತ್ರೆಯನ್ನು ಮೂಲೆಗಿಟ್ಟವರು ಬಹಳ. ಪ್ರೊಪ್ರನೊಲಾಲ್ ಬಿಪಿಗೂ, ಅಮಿಟ್ರಿಪ್ಟಿಲಿನ್ ಖಿನ್ನತೆಗೂ, ಟೋಪಿರಮೇಟ್ ಅಪಸ್ಮಾರಕ್ಕೂ ಬಳಸುವಂಥವು. ಇವೇ ಮೈಗ್ರೇನ್ ಬರುವುದನ್ನೂ ತಡೆಯುತ್ತವೆ. ಫ್ಲುನಾರಿಝಿನ್ ಕೂಡ ನಮ್ಮಲ್ಲಿ ಹೆಚ್ಚು ಬರೆಯುವ ಮಾತ್ರೆ. ತಿಂಗಳಲ್ಲಿ ನಾಲ್ಕು ಅಥವಾ ಹೆಚ್ಚು ದಿನ ಮಲಗಿಸುವ ನೋವಿದ್ದರೆ ಇದನ್ನು ಕೇಳುವ ಹಕ್ಕು ನಿಮಗಿದೆ.

ಇವು ನೋವು ಬಂದಾಗ ನುಂಗುವ ಮಾತ್ರೆಗಳಲ್ಲ. ಎಂಟರಿಂದ ಹನ್ನೆರಡು ವಾರ ಬಿಡದೆ ತೆಗೆದುಕೊಂಡ ಮೇಲೆ ಫಲ ಅಳೆಯಬೇಕು. ದಾಳಿಗಳು ಅರ್ಧಕ್ಕಿಳಿದರೆ ಗೆದ್ದಂತೆ. ಒಂದೊಂದಕ್ಕೂ ಅದರದೇ ಕಿರಿಕಿರಿ: ಆಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಕೂಡದು, ಅಮಿಟ್ರಿಪ್ಟಿಲಿನ್ ನಿದ್ದೆ ಮತ್ತು ಬಾಯಿ ಒಣಗಿಸುವುದು, ಫ್ಲುನಾರಿಝಿನ್ ತೂಕ ಮತ್ತು ಕೆಲವರಲ್ಲಿ ಮನಸ್ಸಿನ ಕುಗ್ಗು, ಟೋಪಿರಮೇಟ್ ಬೆರಳು ಜುಮುಗುಡಿಸುವುದು ಮತ್ತು ಮೂತ್ರಪಿಂಡದ ಕಲ್ಲು. ಸರಿಹೋಗದಿದ್ದರೆ ಬದಲಿಸಲು ಹೇಳಿ, ಸದ್ದಿಲ್ಲದೆ ಬಿಟ್ಟುಬಿಡಬೇಡಿ.

ಶುಂಠಿ ಕಷಾಯ, ಪಟ್ಟು, ಬಾಮ್, ಮೂಗಿಗೆ ಸೊಪ್ಪಿನ ರಸ – ಇವು ಉಪಯೋಗವೇ?

ಶುಂಠಿ ಹೊಟ್ಟೆ ತೊಳಸುವುದನ್ನು ತಗ್ಗಿಸುತ್ತದೆ, ಕುಡಿಯಿರಿ. ಹಣೆಗೆ ಪಟ್ಟು, ಬಾಮ್ ಹಿತವೆನಿಸಿದರೆ ಹಚ್ಚಿ. ಅದರ ಘಾಟೇ ಆಗದವರೂ ಇದ್ದಾರೆ. ರಿಬೋಫ್ಲಾವಿನ್ ಮತ್ತು ಮೆಗ್ನೀಷಿಯಂನಿಂದ ಕೆಲವರಿಗೆ ದಾಳಿಗಳು ಕಡಿಮೆಯಾಗುತ್ತವೆ. ಹೆಸರು ಹೇಳದ ಸೊಪ್ಪಿನ ರಸವನ್ನು ಮೂಗಿಗೋ ಕಿವಿಗೋ ಬಿಡಿಸಿಕೊಳ್ಳುವುದಕ್ಕೆ ನನ್ನ ವಿರೋಧವಿದೆ. ಆಯುರ್ವೇದದ ನಸ್ಯ ಬೇಕೆಂದರೆ ಓದಿದ ವೈದ್ಯರ ಬಳಿ, ಏನು ಹಾಕುತ್ತಿದ್ದಾರೆಂದು ಕೇಳಿ ಮಾಡಿಸಿಕೊಳ್ಳಿ.

## ಹೆಚ್ಚು ಎಚ್ಚರ ಬೇಕಾದವು

ಮುಟ್ಟಿನ ಹಿಂದುಮುಂದಿನ ದಿನ ಬಂದೇ ಬರುತ್ತದೆ. ಗರ್ಭಿಣಿಯಾದರೆ ಏನು ಗತಿ?

ಈಸ್ಟ್ರೊಜೆನ್ ಥಟ್ಟನೆ ಇಳಿಯುವುದೇ ಕಾರಣ. ಮುಟ್ಟಿಗೆ ಎರಡು ದಿನ ಮೊದಲಿನಿಂದ ಮೂರನೆಯ ದಿನದವರೆಗೆ ಅಪಾಯ ಹೆಚ್ಚು. ದಿನಾಂಕ ನಿಯಮಿತವಾಗಿದ್ದರೆ ಆ ಐದಾರು ದಿನಕ್ಕೆ ಮಾತ್ರ ತಡೆಗಟ್ಟುವ ಮಾತ್ರೆ ಕೊಡುವ ಕ್ರಮವಿದೆ.

ಗರ್ಭಿಣಿಯರಲ್ಲಿ ಹೆಚ್ಚಿನವರಿಗೆ, ಮುಖ್ಯವಾಗಿ ಮೂರು ತಿಂಗಳು ಕಳೆದ ಮೇಲೆ, ಮೈಗ್ರೇನ್ ತಾನಾಗಿ ಇಳಿಯುತ್ತದೆ. ನೋವಿಗೆ ವೈದ್ಯರನ್ನು ಕೇಳಿ ಪ್ಯಾರಸಿಟಮಾಲ್. ಎರ್ಗೊಟಮೈನ್ ಖಂಡಿತ ಕೂಡದು. ಮೈಗ್ರೇನ್ ತಡೆಯಲು ಕೊಡುವ ವಾಲ್‌ಪ್ರೊಯೇಟ್ ಮತ್ತು ಟೋಪಿರಮೇಟ್‌ನಿಂದ ಮಗುವಿನ ಅಂಗರಚನೆಗೆ ಹಾನಿಯಾಗಬಹುದು, ಆದ್ದರಿಂದ ಮಗು ಬೇಕೆಂದು ಯೋಚಿಸುವ ಹಂತದಲ್ಲೇ ಚೀಟಿಯನ್ನು ವೈದ್ಯರಿಗೆ ತೋರಿಸಿ. 20 ವಾರ ದಾಟಿದ ಗರ್ಭಿಣಿಗೆ ಅಥವಾ ಬಾಣಂತಿಗೆ ಹೊಸದಾಗಿ ತೀವ್ರ ತಲೆನೋವು ಬಂದರೆ ಅದನ್ನು ಮೈಗ್ರೇನ್ ಎನ್ನದೆ ಅಂದೇ ಬಿಪಿ ನೋಡಿಸಬೇಕು.

ಆರಾ ಇರುವ ಹೆಂಗಸರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಸಾಧ್ಯತೆ ಹೆಚ್ಚುತ್ತದೆ. ಸ್ತ್ರೀರೋಗ ತಜ್ಞರು ಕೇಳದಿದ್ದರೂ ನೀವೇ ಹೇಳಿ.

ಮಗನಿಗೆ ಒಂಬತ್ತು ವರ್ಷ. ಶಾಲೆಗೆ ಹೊರಡುವಾಗ ತಲೆನೋವು, ಹೊಟ್ಟೆನೋವು ಎನ್ನುತ್ತಾನೆ. ನಾಟಕವೇ?

ಮುಖ ಬಿಳಿಚಿಕೊಂಡು, ಆಟವನ್ನೂ ಟಿವಿಯನ್ನೂ ಬಿಟ್ಟು ಮಲಗಿದರೆ ನಾಟಕವಲ್ಲ. ಮಕ್ಕಳ ಮೈಗ್ರೇನ್ ಎರಡು ಗಂಟೆಯಲ್ಲೇ ಮುಗಿಯಬಹುದು, ಹಣೆಯ ಎರಡೂ ಕಡೆ ಇರಬಹುದು. ಕೆಲವರಿಗೆ ತಲೆ ನೋಯದೆ ಹೊಟ್ಟೆಯೇ ನೋಯುತ್ತದೆ. ತಿಂಡಿ ತಿನ್ನದೆ ಬೆಳಗಿನ ಬಸ್ ಹಿಡಿಯುವುದು, ತಿರುವುಗಳ ರಸ್ತೆ, ಕಡಿಮೆ ನೀರು ಇವನ್ನು ಮೊದಲು ಸರಿಪಡಿಸಿ. ಕಣ್ಣಿನ ಪರೀಕ್ಷೆ ಮಾಡಿಸಿ, ಆದರೆ ಕನ್ನಡಕ ಬಂದರೆ ಎಲ್ಲವೂ ಹೋಗುತ್ತದೆ ಎಂದುಕೊಳ್ಳಬೇಡಿ. ದಿನೇ ದಿನೇ ಹೆಚ್ಚುವ, ಬೆಳಗ್ಗೆ ಏಳುವಾಗಲೇ ವಾಂತಿ ತರುವ, ನಡಿಗೆ ತಪ್ಪಿಸುವ ನೋವಿಗೆ ಕಾಯಬಾರದು.

ಜ್ವರದ ಜೊತೆ ತಲೆ ಸಿಡಿಯುತ್ತಿದೆ. ನನ್ನ ಮಾಮೂಲಿ ಮೈಗ್ರೇನ್ ಮಾತ್ರೆ ತೆಗೆದುಕೊಳ್ಳಲೇ?

ಬೇಡ. ಮೈಗ್ರೇನಿನಲ್ಲಿ ಜ್ವರವಿಲ್ಲ. ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಶುರುವಾಗುವುದು ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವಿನಿಂದಲೇ. ನವೆಂಬರ್‌ನಿಂದ ಮೇವರೆಗೆ, ಕಾಡಿಗೆ ದರಗು ತರಲು ಹೋದವರಲ್ಲಿ, ಉಣ್ಣೆ ಕಚ್ಚಿದವರಲ್ಲಿ, ಸತ್ತ ಮಂಗ ಕಂಡ ಊರಿನವರಲ್ಲಿ ಮೊದಲ ಅನುಮಾನ ಅದರ ಮೇಲಿರಬೇಕು. ಮಳೆಗಾಲದಲ್ಲಿ ಡೆಂಗಿ, ಗದ್ದೆ ಕೆಲಸದವರಲ್ಲಿ ಇಲಿಜ್ವರ. ಮಂಗನ ಕಾಯಿಲೆ ಮತ್ತು ಡೆಂಗಿಯಲ್ಲಿ ರಕ್ತಸ್ರಾವದ ಭಯವಿರುವುದರಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮುಟ್ಟಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆಗೆ ಕೊಡಿ, ಕಾಡಿಗೆ ಹೋದದ್ದನ್ನು ಹೇಳಿ.

ಯಾವ ತಲೆನೋವಿಗೆ ರಾತ್ರೋರಾತ್ರಿ ಶಿವಮೊಗ್ಗಕ್ಕೆ ಓಡಬೇಕು?

ಒಂದು ನಿಮಿಷದೊಳಗೆ ಶಿಖರ ಮುಟ್ಟಿದ, ಜೀವನದಲ್ಲೇ ಕಂಡಿರದಂಥ ನೋವು. ಕೈಕಾಲು ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದ್ದು. ಜ್ವರದೊಂದಿಗೆ ಕುತ್ತಿಗೆ ಬಿಗಿತ, ಮಂಪರು. ಫಿಟ್ಸ್. ಮರದಿಂದ ಅಥವಾ ಬೈಕಿನಿಂದ ಬಿದ್ದ ಮೇಲಿನ ತಲೆನೋವು, ಬಿದ್ದು ಎರಡು ವಾರ ಕಳೆದಿದ್ದರೂ. ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ವಾಂತಿಯಾಗುತ್ತಿದ್ದರೆ ಅದು ಗ್ಲಾಕೋಮಾ ಇರಬಹುದು. ಬೆಳಗಾಗುವುದರೊಳಗೆ ದೃಷ್ಟಿ ಕೆಡಬಹುದು. 108ಕ್ಕೆ ಕರೆ ಮಾಡಿ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆ, ಅವರು ನೋಡಿ ಕಳಿಸಿದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ.

ರಾತ್ರೋರಾತ್ರಿ ಅಲ್ಲದಿದ್ದರೂ ಒಂದೆರಡು ದಿನದೊಳಗೆ ತೋರಿಸಬೇಕಾದ್ದು 50 ದಾಟಿದ ಮೇಲೆ ಮೊದಲ ಸಲ ಬಂದ ತಲೆನೋವು. ಅದರ ಜೊತೆ ಬಾಚಣಿಗೆ ತಾಗಿದರೆ ನೆತ್ತಿ ನೋವು, ಎಲೆಯಡಿಕೆ ಅಗಿಯುವಾಗ ದವಡೆ ಸೋಲುವುದು ಇದ್ದರೆ ಅದು ಕಪಾಲದ ರಕ್ತನಾಳದ ಉರಿಯೂತ ಇರಬಹುದು. ಸ್ಟೀರಾಯ್ಡ್ ತಡವಾದರೆ ಕಣ್ಣು ಹೋಗುತ್ತದೆ, ಹಾಗಾಗಿ ಅಂದೇ ಹೊರಡಿ.

ಎಲ್ಲ ಮಾತ್ರೆ ನೋಡಿ ಆಯಿತು. ಹೊಸದೇನಾದರೂ ಬಂದಿದೆಯೇ?

ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವು, ಅದರಲ್ಲಿ ಎಂಟು ದಿನವಾದರೂ ಮೈಗ್ರೇನ್, ಮೂರು ತಿಂಗಳಿಗೂ ಮೀರಿ ಇದ್ದರೆ ದೀರ್ಘಕಾಲಿಕ ಮೈಗ್ರೇನ್. ಅಂಥವರಿಗೆ ಹನ್ನೆರಡು ವಾರಕ್ಕೊಮ್ಮೆ ಹಣೆ, ತಲೆ, ಕುತ್ತಿಗೆಯ ಸ್ನಾಯುಗಳಿಗೆ ಬೊಟೊಕ್ಸ್ ಚುಚ್ಚುತ್ತಾರೆ. ಮೇಲೆ ಹೇಳಿದ ಸಿಜಿಆರ್‌ಪಿಯನ್ನೇ ತಡೆಯುವ ಚುಚ್ಚುಮದ್ದುಗಳು 2018ರಿಂದ ಬಂದಿವೆ, ಎರೆನುಮ್ಯಾಬ್ ಅವುಗಳಲ್ಲಿ ಮೊದಲನೆಯದು. ಅದೇ ದಾರಿಯಲ್ಲಿ ಕೆಲಸ ಮಾಡುವ ರಿಮೆಜಿಪ್ಯಾಂಟ್‌ನಂಥ ಮಾತ್ರೆಗಳೂ ಇವೆ. ಫಲ ಚೆನ್ನಾಗಿದೆ, ಬೆಲೆ ಜೇಬು ಸುಡುತ್ತದೆ. ತಲೆಯ ಹಿಂಭಾಗದ ನರಕ್ಕೆ ಕೊಡುವ ಬ್ಲಾಕ್ ಚುಚ್ಚುಮದ್ದು ಇವುಗಳಿಗಿಂತ ಅಗ್ಗ, ಕೆಲವರಿಗೆ ವಾರಗಟ್ಟಲೆ ಬಿಡುವು ಕೊಡುತ್ತದೆ. ಇವುಗಳಿಗೆ ನರರೋಗ ತಜ್ಞರೇ ಬೇಕು. ಹೋಗುವ ಮೊದಲು ನೋವಿನ ಮಾತ್ರೆಯ ದಿನಗಳ ಲೆಕ್ಕ ಸರಿಯಾಗಿದೆಯೇ ನೋಡಿಕೊಳ್ಳಿ. ‘ಯಾವುದೂ ನಾಟಲಿಲ್ಲ’ ಎನ್ನುವ ಎಷ್ಟೋ ಪ್ರಕರಣಗಳು ಅಲ್ಲೇ ಬಿಡಿಸಿಕೊಳ್ಳುತ್ತವೆ.

ಡಾಕ್ಟರ ಎದುರು ಐದು ನಿಮಿಷ ಸಿಗುತ್ತದೆ. ಏನು ಹೇಳಲಿ?

ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತೆಗೆದುಕೊಂಡು ಹೋಗಿ. ನೋವಿನ ದಿನಕ್ಕೆ ಕಪ್ಪು ಚುಕ್ಕೆ, ಮಾತ್ರೆ ನುಂಗಿದ ದಿನಕ್ಕೆ ಕೆಂಪು, ಮುಟ್ಟಿನ ದಿನಕ್ಕೆ ಸುತ್ತು. ಅಮಾವಾಸ್ಯೆ, ಏಕಾದಶಿ, ಹಬ್ಬ ಅದರಲ್ಲಿ ಮೊದಲೇ ಅಚ್ಚಾಗಿರುವುದರಿಂದ ಉಪವಾಸದ ಲೆಕ್ಕವೂ ಸಿಗುತ್ತದೆ. ಮೂರು ತಿಂಗಳ ಹಾಳೆ ನೋಡಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿಯಿತು. ಜೊತೆಗೆ ಇದುವರೆಗೆ ನುಂಗಿದ ಮಾತ್ರೆಗಳ ಖಾಲಿ ಶೀಟುಗಳು. ‘ಬಿಳಿ ಉದ್ದನೆಯ ಮಾತ್ರೆ’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ವಯಸ್ಸಾದ ಮೇಲೆ ತಾನೇ ಹೋಗುತ್ತದೆಯೇ? ಮಕ್ಕಳಿಗೂ ಬರುತ್ತದೆಯೇ?

ಮೂವತ್ತು ನಲವತ್ತರ ವಯಸ್ಸಿನಲ್ಲಿ ಅತಿ ಹೆಚ್ಚು. ಹೆಂಗಸರಲ್ಲಿ ಮುಟ್ಟು ನಿಲ್ಲುವ ಮೊದಲ ಕೆಲವು ವರ್ಷ ಕೆರಳಿ, ನಿಂತ ಮೇಲೆ ಹೆಚ್ಚಿನವರಿಗೆ ಇಳಿಯುತ್ತದೆ. ಅಪ್ಪ ಅಮ್ಮರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ವಯಸ್ಸಾದ ಕೆಲವರಿಗೆ ನೋವು ಹೋಗಿ ಕಣ್ಣ ಮುಂದಿನ ಗೆರೆ ಮಾತ್ರ ಉಳಿಯುವುದುಂಟು. ಹಿಂದೆಂದೂ ಕಾಣದವರಿಗೆ ಅರವತ್ತರ ನಂತರ ಆ ಗೆರೆ ಮೊದಲ ಸಲ ಕಂಡರೆ ಹಳೆಯ ಮೈಗ್ರೇನಿನ ಖಾತೆಗೆ ಜಮಾ ಮಾಡದೆ ಆ ದಿನವೇ ತೋರಿಸಿ.